ಬಕೆಟ್ಟಿನಲ್ಲಿ ಕೈಪಟ್ಟಿ

ಹತ್ತನೇ ತರಗತಿಯ ಹುಡುಗಿಯರಿಗೆ ಶಾಲೆಯವರು ಒಂದು ಕೈಪಟ್ಟಿ ಕಟ್ಟುತ್ತಾರೆ. ಅದು ಕೈಯಲ್ಲಿರುವಷ್ಟು ಹೊತ್ತು ಹಸಿವಾಗುವುದಿಲ್ಲ. ಊಟದ ಸಮಯ ಓದಿಗೆ ಉಳಿಯುತ್ತದೆ, ಹುಡುಗಿ ತೆಳ್ಳಗೂ ಆಗುತ್ತಾಳೆ. ಹೆತ್ತವರಿಗೆ ಇನ್ನೇನು ಬೇಕು? ನನ್ನ ಮಗಳು ಭುವನಾಳಿಗಂತೂ ಊಟ ಬಿಟ್ಟವರಲ್ಲಿ ಮೊದಲ ಸ್ಥಾನ. ಅವಳ ಬಳೆ ಈಗ ಮೊಣಕೈವರೆಗೂ ಜಾರುತ್ತದೆ. ಪ್ರಶಸ್ತಿಪತ್ರಕ್ಕೆ ಅವಳಪ್ಪ ಚೌಕಟ್ಟು ಹಾಕಿಸಿದ್ದಾರೆ.

ನಾನು ಮಾತ್ರ ಮರೆಗುಳಿ. ಅವಳು ಸ್ನಾನಕ್ಕೆಂದು ಬಿಚ್ಚಿಟ್ಟ ಕೈಪಟ್ಟಿಯನ್ನು ಈ ಭಾನುವಾರವೂ ಯೂನಿಫಾರ್ಮಿನ ಜೊತೆ ಸೋಪಿನ ನೀರಿನಲ್ಲಿ ನೆನೆಹಾಕಿಬಿಟ್ಟೆ. ಇದು ಮೂರನೇ ಸಲ.

ಪಟ್ಟಿ ನಿಂತರೆ ಶಾಲೆಗೆ ತಾನಾಗಿ ಗೊತ್ತಾಗುತ್ತದೆ; ಕೂಡಲೇ ಟೀಚರ್ ಫೋನ್ ಬಂತು.

"ಭುವನಾನ ಅವ್ವಾರ, ಪಟ್ಟಿ ಮತ್ತ ಬಂದ್ ಆತಲ್ರೀ! ಮಗಳ ಭವಿಷ್ಯದ ಕಾಳಜಿ ಐತೋ ಇಲ್ಲೋ?"

"ತಪ್ಪಾತ್ರೀ ಟೀಚರ್, ಬಿಸಲಿಗೆ ಒಣಾಕ ಹಾಕ್ತೇನಿ," ಎಂದು ಹೆಂಚಿನ ಮೇಲಿನ ರೊಟ್ಟಿ ತಿರುವಿದೆ.

ಅಡುಗೆಮನೆಯ ಬಾಗಿಲಲ್ಲಿ ಭುವನಾ ನಿಂತಿದ್ದಳು. "ಅವ್ವಾ, ಹೊಟ್ಟ್ಯಾಗ ಏನೋ ಆಗಾಕತ್ತೈತಿ."

"ಹೌದಾ? ಕೂಡು."

ಶೇಂಗಾ ಚಟ್ನಿ ಹಚ್ಚಿಕೊಂಡು ಅರ್ಧ ರೊಟ್ಟಿ ತಿಂದಳು. ನಾನು ನೋಡದವಳಂತೆ ಹಿಟ್ಟು ನಾದುತ್ತಿದ್ದೆ. ಕೈತೊಳೆದು ಹೊರಟವಳು ತಿರುಗಿ ನಿಂತಳು.

"ಅವ್ವಾ, ನಾಳೆನೂ ಯೂನಿಫಾರ್ಮ್ ಹೊಲಸಾಗತೈತಿ. ನೆನಿ ಹಾಕೂದು ಮರೀಬ್ಯಾಡ."