ಕಾಡಪ್ಪನ ಕಾಂದಾ

“ಈರುಳ್ಳಿ ಚೀಲ ಎಷ್ಟು ವರ್ಷ ಹೊತ್ತಿದ್ದೀರಿ?”

ಕಂಪನಿಯ ವಕೀಲರು ಮರಾಠಿಯಲ್ಲಿ ಹೀಗೆ ಕೇಳಿದಾಗ ಕಟಕಟೆಯಲ್ಲಿದ್ದ ಕಾಡಪ್ಪ ಕಕ್ಕಾಬಿಕ್ಕಿಯಾದ. ಹತ್ತೊಂಬತ್ತು ವರ್ಷ ಪುಣೆ ಹತ್ತಿರದ ಭೋಸರಿಯ ಫೌಂಡ್ರಿಯಲ್ಲಿ ಕಬ್ಬಿಣ ಎತ್ತಿದವನು ಅವನು. ತೊಂಬತ್ತೇಳರಲ್ಲಿ ಸರಪಳಿ ಹರಿದು ಎರಕದ ತುಂಡು ಬಲಭುಜದ ಮೇಲೆ ಬಿದ್ದಿತ್ತು. ಈರುಳ್ಳಿಗೂ ಅವನಿಗೂ ಇದ್ದ ನಂಟು ರೊಟ್ಟಿಯ ಜೊತೆ ಕಚ್ಚುವಷ್ಟೇ.

ವಕೀಲರು ಆಸ್ಪತ್ರೆಯ ಕಾಗದ ಮುಂದೆ ಹಿಡಿದರು. ‘ಈರುಳ್ಳಿ ಎತ್ತುವಾಗ ನೋವು’ ಎಂದು ಅದರಲ್ಲಿ ಬರೆದಿತ್ತು. ಈರುಳ್ಳಿ ಹೊತ್ತು ಭುಜ ಮೊದಲೇ ಕೆಟ್ಟಿತ್ತೆಂಬುದು ಅವರ ವಾದ. ಹಾಗಾಗಿ ಶಾಶ್ವತ ಊನ ನೂರಕ್ಕೆ ನಲವತ್ತಾದರೆ ಅದರಲ್ಲಿ ಇಪ್ಪತ್ತು ಹಳೆಯ ಈರುಳ್ಳಿಯ ಪಾಲು, ಉಳಿದ ಇಪ್ಪತ್ತು ಮಾತ್ರ ಕಂಪನಿಯ ಪಾಲು. ಪರಿಹಾರವೂ ಅರ್ಧ! ಕಾಡಪ್ಪನಿಗೆ ರೇಗಿತು. ದುಡ್ಡಿನ ಮಾತು ಹಾಗಿರಲಿ, ಗಟ್ಟಿಮುಟ್ಟಾಗಿದ್ದ ಮೈಯನ್ನು ಮೊದಲೇ ಮುಕ್ಕಾಗಿತ್ತು ಅನ್ನುವುದೆಂದರೇನು?

ಅವನ ಪರ ನಿಂತಿದ್ದ ಧಾರವಾಡದ ವಕೀಲೆ ಇಂದೂ ಕಾಗದ ಓದಿ ಹುಬ್ಬು ಗಂಟಿಕ್ಕಿದಳು. “ಕಾಡಪ್ಪಾರ, ಡಾಕ್ಟರ್ ಮುಂದ ಏನ್ ಹೇಳಿದ್ರಿ? ಹಂಗ ಹೇಳ್ರಿ.”

“ಮತ್ತೇನ್ರಿ ಅಕ್ಕಾರ, ಹೆಗಲ ಎತ್ತುವಾಗ ಭಾಳ ನೋಯ್ತದ ಅಂದೆ. ಮರಾಠಿಯೊಳಗ್ರಿ. ‘ಕಾಂದಾ ಉಚಲ್ತಾನಾ ದುಕತೋ’.”

ಇಂದೂ ಹಣೆ ಬಡಿದುಕೊಂಡಳು. ಮರಾಠಿಯಲ್ಲಿ ‘ಖಾಂದಾ’ ಎಂದರೆ ಭುಜ, ‘ಕಾಂದಾ’ ಎಂದರೆ ಈರುಳ್ಳಿ. ಪಾಪ, ಬೈಲಹೊಂಗಲದ ನಾಲಿಗೆ ಇಷ್ಟು ವರ್ಷ ಪುಣೆಯ ನೀರು ಕುಡಿದರೂ ಮಹಾಪ್ರಾಣಕ್ಕೆ ಪಳಗಿರಲಿಲ್ಲ.

ಅವಳು ಇದನ್ನು ಬಿಡಿಸಿ ಹೇಳಿದಾಗ ನ್ಯಾಯಪೀಠದ ಸಾಹೇಬರು ಪೆನ್ನು ಕೆಳಗಿಟ್ಟು ಕಾಡಪ್ಪನನ್ನೇ ನೋಡಿದರು. “ಖಾಂದಾ ಅನ್ನಿ.”

“ಕಾಂದಾ.”

“ಹಾಗಲ್ಲ. ಖಾಂ... ಖಾಂದಾ.”

ಕಾಡಪ್ಪ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಎದುರಿನ ಕಾಗದ ಹಾರುವಂತೆ ಕೂಗಿದ. “ಕಾಂದಾ!” ಆಮೇಲೆ ಇಂದೂಳ ಕಡೆ ತಿರುಗಿ ಮೆಲ್ಲಗೆ ಕೇಳಿದ: “ಅದನ್ನ ಅಲ್ಲೇನ್ರಿ ನಾನೂ ಅನ್ನಾಕತ್ತಿದ್ದು?”

ಕೋರ್ಟು ಗೊಳ್ಳೆಂದು ನಕ್ಕಿತು. ಕಂಪನಿಯ ವಕೀಲರು ಕನ್ನಡಕ ಒರೆಸುತ್ತ ಕೂತರು. ಸಾಹೇಬರು ಮಾತ್ರ ನಗದೆ ಟೈಪಿಸ್ಟನಿಗೆ ಹೇಳಿ ಬರೆಸತೊಡಗಿದರು: “ಅಪಘಾತಕ್ಕೆ ಮೊದಲೇ ಅರ್ಜಿದಾರನಿಗೆ ಒಂದು ಊನ ಇದ್ದದ್ದು ನಿಜ.”

ಕಾಡಪ್ಪ ಬಲಭುಜ ಹಿಡಿದುಕೊಂಡು ಇಂದೂಳ ಕಡೆ ನೋಡಿದ.

“ಅದು ನಾಲಿಗೆಯದು,” ಎಂದರು ಸಾಹೇಬರು. “ಭುಜ ಪೂರ್ತಿ ಕಂಪನಿಯದು.”