ಒಳಮೈ, ಹೊರಮೈ

ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದ ದರ್ಜಿ ಹೆಂಗಸಿಗೆ ಟೀಚರ್ ಮಾತಿಗೆ ಉತ್ತರ ಕೊಡಲಾಗಲಿಲ್ಲ. ಮಂಡಿಯೂರಿ ಕೂತು ಅವರ ಕಡುನೀಲಿ ಕೋಟಿನ ಅಂಚು ಮಡಚುತ್ತಿದ್ದಳು. ಟೀಚರ್ ಮೇಲಿನಿಂದ ಹೇಳುತ್ತಲೇ ಇದ್ದರು.

"ಎರಡು ತಿಂಗಳಾಯ್ತು. ನಿಮ್ಮ ಮಗಳ ನೋಟ್‌ಬುಕ್ಕಲ್ಲಿ ಒಂದಕ್ಷರ ಇಲ್ಲ. ಬರಿ ಅಂದ್ರೆ ತಲೆ ಬಗ್ಗಿಸಿಕೊಂಡು ಏನೋ ಮಾಡ್ತಾಳೆ. ಹತ್ತಿರ ಹೋಗಿ ನೋಡಿದ್ರೆ ಖಾಲಿ ಹಾಳೆ. ಸಂಜೆ ಕೋಟು ತಗೊಳ್ಳೋಕೆ ಬರ್ತೀನಲ್ಲ, ಅಷ್ಟರಲ್ಲಿ ನಾಲ್ಕಕ್ಷರ ಬರೆದು ತೋರಿಸಲಿ. ಇಲ್ಲಾಂದ್ರೆ ಸೋಮವಾರದಿಂದ ಬೇಬಿ ಕ್ಲಾಸಿಗೆ ಕಳಿಸ್ಬೇಕಾಗುತ್ತೆ. ನನಗೂ ಬೇಜಾರೇ."

ಕತ್ತರಿಸುವ ಮೇಜಿನ ಕೆಳಗೆ, ಬಟ್ಟೆಚೂರುಗಳ ನಡುವೆ ಮಗಳು ಕೂತಿದ್ದಳು. ಐದು ವರ್ಷ. ಮುಖ ದುಂಡಗಿದ್ದುದರಿಂದ ಅಂಗಡಿಗೆ ಬರುವವರೆಲ್ಲ ಅವಳನ್ನು ಗುಂಡಿ ಎಂದೇ ಕರೆಯುತ್ತಿದ್ದರು. "ಬೇಬಿ ಕ್ಲಾಸಲ್ಲಿ ಎಲ್ಲಾ ಮೂಗು ಸುರಿಸೋರೇ" ಎಂದು ಅವಳು ಗೊಣಗಿದಳು.

ಟೀಚರ್ ಕೋಟು ಬಿಚ್ಚಿಕೊಟ್ಟು ಮೆಟ್ಟಿಲಿಳಿದದ್ದೇ ತಡ, ಅಮ್ಮ ಸೂಜಿಗಳನ್ನು ತೆಗೆದಿಟ್ಟು ಗುಂಡಿಯ ಕೈ ಹಿಡಿದು ಈಚೆಗೆ ಎಳೆದಳು. "ನನ್ನ ಮಾನ ಕಳೆದ್ಯಲ್ಲೇ! ರಾತ್ರಿ ಹಗಲು ಕೈ ಹಿಡಿದು ತಿದ್ದಿಸಿದ್ದೆಲ್ಲ ಎಲ್ಲಿ ಹೋಯ್ತು? ಕೂತ್ಕೋ. ನನ್ನ ಕಣ್ಣೆದುರಿಗೇ ಬರಿ."

ಗುಂಡಿ ಹಾಳೆಯನ್ನು ಮಗುಚಿ ಹಿಂಬದಿಯನ್ನು ಮೇಲೆ ಮಾಡಿದಳು. ಪೆನ್ಸಿಲ್ ತಾಗಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಒಂದು 'ಅ' ಬರೆದಳು. ಅಮ್ಮ ಬಗ್ಗಿ ನೋಡಿದಳು. ತಿರುವು, ಹೊಟ್ಟೆ, ಬಾಲ, ಎಲ್ಲ ಅಳತೆ ತೆಗೆದಂತೆ ಕೂತಿದ್ದವು.

"ಸರಿ ಇದ್ಯಾ?"

"ಸರಿ ಇದೆ ಕಣೇ, ಎಷ್ಟು ಚೆನ್ನಾಗಿದೆ!"

ಅಷ್ಟು ಕೇಳಿದ್ದೇ ಗುಂಡಿ ರಬ್ಬರ್ ತೆಗೆದು ಪರಪರ ಉಜ್ಜಿದಳು. ಅಂಗೈಯಿಂದ ಕೊಡವಿ, ಉಫ್ ಎಂದು ಊದಿ, ಖಾಲಿ ಹಾಳೆಯನ್ನು ಅಮ್ಮನತ್ತ ನೀಟಾಗಿ ಸರಿಸಿದಳು.

"ಯಾಕೇ ಅಳಿಸ್ದೆ?"

"ಸರಿ ಇದೆ ಅಂದ್ಯಲ್ಲ."

"ಸರಿ ಇದ್ರೆ ಅಳಿಸ್ತಾರೇನೇ?"

"ನೀನು ಅಳಿಸಲ್ವಾ?" ಗುಂಡಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಕೆಲಸ ಮುಗಿದ ಮೇಲೆ ಚಾಕ್‌ಪೀಸಿನ ಗುರುತು ಉಳಿದ್ರೆ ಅಂಗಡಿ ಮಾನ ಹೋಗುತ್ತೆ ಅಂತೀಯ. ಬಟ್ಟೆ ಒಳಮೈಗೆ ಹಾಕು, ಹಗುರವಾಗಿ ಹಾಕು ಅಂತ ಹೊಲಿಗೆ ಕಲಿಯೋಕೆ ಬರೋ ಚಿಕ್ಕಮ್ಮಂಗೆ ಬೈದಿದ್ದೂ ನೀನೇ."

ಅಮ್ಮ ಸ್ಟೂಲಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮಗಳ ಗಲ್ಲ ಹಿಡಿದು ಹೇಳಿದಳು: "ಕೇಳಿಲ್ಲಿ ಪುಟ್ಟಾ. ಬಟ್ಟೆ ಬೇರೆ, ಬರೆಯೋದು ಬೇರೆ. ಬರೆದದ್ದು ಉಳೀಬೇಕು. ಹೊರಮೈಗೇ ಬರೀಬೇಕು, ಒತ್ತಿ ಬರೀಬೇಕು. ದೂರದೋರಿಗೂ ಕಾಣ್ಬೇಕು."

"ಎಷ್ಟು ದೂರ?"

"ಬೀದಿ ಆ ಕಡೆಗೆ ಕಾಣೋ ಹಾಗೆ ಬರಿ, ಹೋಗು" ಎಂದು ಅಮ್ಮ ಮೆಷಿನ್ ತುಳಿಯತೊಡಗಿದಳು. ಕೋಟಿನ ಅಂಚು ಹೊಲಿದು, ಇಸ್ತ್ರಿ ಮಾಡಿ, ಬಾಗಿಲ ಪಕ್ಕದ ಕೊಕ್ಕೆಗೆ ನೇತುಹಾಕಿದಳು. ಜಿಪ್ಪು ಹಾಳಾದವರೊಬ್ಬರು ಬಂದರು, ಚೀಲ ಹರಿದವರೊಬ್ಬರು ಬಂದರು. ಗುಂಡಿ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಸದ್ದಿಲ್ಲದೆ ಇದ್ದಳು. ಸದ್ಯ, ಬರೆಯುತ್ತಿದ್ದಾಳೆ ಎಂದುಕೊಂಡಳು ಅಮ್ಮ.

ಐದು ಗಂಟೆಗೆ ಟೀಚರ್ ಬಂದಾಗ ಅಮ್ಮ ಯಾರದೋ ಅಳತೆ ತೆಗೆಯುತ್ತಿದ್ದಳು. ಟೀಚರ್ ತಾವೇ ಕೋಟು ತೆಗೆದು ತೊಟ್ಟುಕೊಂಡು ಕನ್ನಡಿ ನೋಡಿ ತಲೆದೂಗಿದರು. "ಎಲ್ಲಿ, ನಿನ್ನ ನೋಟ್‌ಬುಕ್?"

ಗುಂಡಿ ನಗುತ್ತಾ ತಂದುಕೊಟ್ಟಳು. ಟೀಚರ್ ಒಂದೊಂದೇ ಹಾಳೆ ತಿರುವಿದರು. ಖಾಲಿ. ಅಮ್ಮ ಅಳತೆ ಟೇಪು ಬಿಟ್ಟು ಹತ್ತಿರ ಬಂದಳು.

"ಹೋಗ್ಲಿ ಬಿಡಿ" ಎಂದು ಟೀಚರ್ ನಿಟ್ಟುಸಿರುಬಿಟ್ಟು ಬಾಗಿಲ ಕಡೆ ತಿರುಗಿದರು. ಅವರ ಬೆನ್ನ ತುಂಬ, ಭುಜದಿಂದ ಸೊಂಟದವರೆಗೆ, ಬಿಳಿ ಚಾಕ್‌ಪೀಸಿನಲ್ಲಿ ಒತ್ತಿ ಬರೆದ ಗೇಣುದ್ದದ ಅಕ್ಷರಗಳಿದ್ದವು. ಅ, ಆ, ಇ, ಈ.

ಅಮ್ಮನ ಬಲಗೈ ತಾನಾಗಿ ಮೇಲೆದ್ದಿತು. ನೂಲು ಅಂಟಿದೆ ಮೇಡಂ ಎಂದು ನಾಲ್ಕು ಸಲ ಕೊಡವಿದರೆ ಸಾಕು, ಕೋಟು ಉಳಿಯುತ್ತಿತ್ತು, ಗಿರಾಕಿಯೂ ಉಳಿಯುತ್ತಿದ್ದರು. ಗುಂಡಿ ಆ ಕೈಯನ್ನೇ ನೋಡುತ್ತಿದ್ದಳು. ಕೈ ಗಾಳಿಯಲ್ಲೇ ನಿಂತಿತು.

"ಮೇಡಂ" ಎಂದಳು ಅಮ್ಮ, ಇಲ್ಲದ ಧೈರ್ಯ ತಂದುಕೊಂಡು. "ಕೋಟು ಒಂದ್ಸಲ ಬಿಚ್ತೀರಾ?"

ಮೇಜಿನ ಮೇಲೆ ಹರಡಿದ ಕೋಟನ್ನು ಟೀಚರ್ ಬಹಳ ಹೊತ್ತು ನೋಡಿದರು. ಅಮ್ಮ ಬ್ರಷ್ ಹುಡುಕುತ್ತಾ ತಡವರಿಸಿದಳು. "ಈಗ್ಲೇ ಹೋಗುತ್ತೆ ಮೇಡಂ, ಇನ್ನೊಂದ್ಸಲ ಇಸ್ತ್ರಿ ಹಾಕಿಕೊಡ್ತೀನಿ..."

"ಇಂಥ 'ಈ' ನನ್ನ ಕ್ಲಾಸಲ್ಲಿ ಇನ್ನೂ ಯಾರಿಗೂ ಬಂದಿಲ್ಲ" ಎಂದರು ಟೀಚರ್. "ನೋಟ್‌ಬುಕ್ಕಲ್ಲಿ ಯಾಕೆ ಬರೀಲಿಲ್ಲ ಮರಿ?"

"ಅದು ಮುಚ್ಚಿದ್ರೆ ಬೀದಿ ಆ ಕಡೆಗೆ ಕಾಣಲ್ಲ ಮಿಸ್. ಕಾಣ್ಬೇಕಂತೆ."

ಟೀಚರ್‌ಗೆ ನಗು ತಡೆಯಲಾಗಲಿಲ್ಲ. ಅಮ್ಮನ ಕೈಯಲ್ಲಿದ್ದ ಬ್ರಷ್ ತೆಗೆದು ಮೇಜಿನ ಮೇಲಿಟ್ಟು, ಕೋಟನ್ನು ಹುಷಾರಾಗಿ ತೊಟ್ಟುಕೊಂಡರು. "ಸೋಮವಾರ ನನ್ನ ಕ್ಲಾಸಿಗೇ ಬಾ. ಪೆನ್ಸಿಲ್ ತಾ. ಚಾಕ್‌ಪೀಸು ಅಮ್ಮಂಗೆ ಇರ್ಲಿ."

ಬೀದಿಯ ಆ ಕಡೆ ಸೈಕಲ್ ರಿಪೇರಿ ಮಾಡುತ್ತಿದ್ದವನು ತಲೆಯೆತ್ತಿ, "ಅ... ಆ... ಇ..." ಎಂದು ಜೋರಾಗಿ ಓದತೊಡಗಿದ. ಟೀಚರ್ ತಿರುಗಿ ನೋಡಲಿಲ್ಲ. ಕೊನೆಯ ಅಕ್ಷರ ಮಡಿಕೆಯಲ್ಲಿ ಮುಚ್ಚಿಹೋಗದಂತೆ ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡು ನಡೆದರು.