ಮೇಜಿನ ಮೇಲಿನ ಜೇನುತುಪ್ಪ

ನರ್ಸ್ ಡೆಲ್ಫಾ ಮಗುವಿನ ಕೈ ಎತ್ತಿ ಬಿಟ್ಟಳು. ಅದು ಒದ್ದೆ ಬಟ್ಟೆಯ ಹಾಗೆ ಕೆಳಗೆ ಬಿತ್ತು. ನಾಲ್ಕು ತಿಂಗಳ ಕೋಲ್ಬಿ ಅಳಲು ಬಾಯಿ ತೆರೆದ, ದನಿ ಹೊರಡಲಿಲ್ಲ. ಅಜ್ಜಿ ವರ್ನಾ ಗೋಡೆಗೆ ಒರಗಿ ನೋಡುತ್ತಿದ್ದಳು. ಕೆಂಟಕಿಯ ಆ ಕಣಿವೆಯಲ್ಲಿ ಮಕ್ಕಳ ಡಾಕ್ಟರಿಲ್ಲ. ಔಷಧಿ ಬರೆದುಕೊಡಬಲ್ಲ ಮಕ್ಕಳ ನರ್ಸ್ ಒಬ್ಬಳಿದ್ದಾಳೆಂದು ಸೊಸೆ ಟ್ಯಾನ್ಸಿ ಅವರಿವರನ್ನು ಕೇಳಿ ಪತ್ತೆ ಮಾಡಿದಾಗ, "ಹಲ್ಲು ಬರೋ ಕಾಲ, ಸ್ವಲ್ಪ ಮಂಕಾಗಿದೆ ಅಷ್ಟೆ. ಅದಕ್ಕೆ ನರ್ಸ್ ಬೇರೆ ಕೇಡು" ಎಂದು ಮೂಗು ಮುರಿದವಳು ವರ್ನಾ. ಆದರೂ ಬರಿಗೈಲಿ ಹೋಗಬಾರದೆಂದು ತಾನು ಸಾಕಿದ ಜೇನಿನ ತುಪ್ಪದ ಬಾಟಲಿ ತಂದು ನರ್ಸಿನ ಮೇಜಿನ ಮೇಲಿಟ್ಟಿದ್ದಳು.

"ಹಾಲು ಬಿಟ್ಟು ಬೇರೇನಾದ್ರೂ ಕೊಟ್ಟಿದ್ದೀರಾ? ಜೇನುತುಪ್ಪ?" ಎಂದು ಡೆಲ್ಫಾ ಕೇಳಿದಳು.

"ಇಲ್ಲ, ನನ್ನ ಹಾಲು ಮಾತ್ರ. ಜೇನು ಬೇಡವೇ ಬೇಡ ಅಂತ ಅತ್ತೆಗೂ ಹೇಳಿದ್ದೀನಿ," ಎಂದಳು ಟ್ಯಾನ್ಸಿ.

ಡೆಲ್ಫಾಳ ಕಣ್ಣು ಬಾಟಲಿಯ ಮೇಲೆ ಒಂದು ಗಳಿಗೆ ನಿಂತು, ವರ್ನಾಳ ಕಡೆಗೆ ತಿರುಗಿತು. "ನಾನು ಯಾರನ್ನೂ ಬೈಯೋಕೆ ಕೂತಿಲ್ಲ. ಆದ್ರೆ ವರ್ಷ ತುಂಬದ ಮಕ್ಕಳ ಹೊಟ್ಟೇಲಿ ಜೇನಿನಲ್ಲಿರೋ ರೋಗಾಣು ವಿಷ ಮಾಡಿ ಮೈ ಸೋಲಿಸಬಹುದು. ಜೇನಿನಿಂದ ಆಗಿದ್ರೆ ಇದರ ಔಷಧಿನೇ ಬೇರೆ. ತಡ ಆದ್ರೆ ಉಸಿರಾಡೋ ಶಕ್ತಿನೂ ಹೋಗುತ್ತೆ."

ವರ್ನಾ ಬಾಟಲಿಯತ್ತ ನೋಡಿದಳು. ತನ್ನ ಮಕ್ಕಳೆಲ್ಲ ಅದನ್ನೇ ಚೀಪಿ ಬೆಳೆದವರು. ಬಾಯಿ ಬಿಟ್ಟರೆ ಈ ಮಗು ಮತ್ತೆ ತನ್ನ ಮಡಿಲಿಗೆ ಬರುವುದಿಲ್ಲ. ಅವಳು ಏಪ್ರನ್ನಿನೊಳಗಿಂದ ಕೈ ತೆಗೆದು ತೋರುಬೆರಳನ್ನು ಮುಂದೆ ಹಿಡಿದಳು. "ಇದರಲ್ಲೇ ನೆಕ್ಕಿಸಿದೆ. ದಿನಾ ಬೆಳಿಗ್ಗೆ, ಇವಳು ಕೆಲಸಕ್ಕೆ ಹೋದ ಮೇಲೆ."

ಡೆಲ್ಫಾ ಆಗಲೇ ಆಸ್ಪತ್ರೆಗೆ ಹೇಳಲು ಫೋನ್ ಎತ್ತಿಕೊಂಡಿದ್ದಳು. ಟ್ಯಾನ್ಸಿ ಮಗುವನ್ನು ಎತ್ತಿ, ಅತ್ತೆ ನಿಂತಿರದ ಬದಿಯ ಹೆಗಲಿಗೆ ಹಾಕಿಕೊಂಡಳು.